ಏಳನೇ ತಿಂಗಳಲ್ಲಿ ತಂದ ತೊಟ್ಟಿಲು

ಹೆರಿಗೆಗೆ ಮುಂಚೆ ಏನೇನು ಕೊಳ್ಳಬೇಕು ಎಂದು ನಮ್ಮ ರಸ್ತೆಯ ಹೆಣ್ಣುಮಕ್ಕಳು ನನ್ನನ್ನು ಕೇಳುತ್ತಾರೆ. ಮೂರು ಹೆತ್ತವಳು, ಬೇರೆಯವರ ಬಾಣಂತನವನ್ನೂ ಮಾಡಿದವಳು, ಅದಕ್ಕೆ. ವಾಕರ್ ಬೇಡ. ನಡೆಯುವ ಕಾಲಕ್ಕೆ ಮಗು ತಾನೇ ನಡೆಯುತ್ತದೆ, ವಾಕರ್ ಇದ್ದರೆ ಮೆಟ್ಟಿಲ ಹತ್ತಿರ ಬೇಗ ಹೋಗುತ್ತದೆ, ಅಷ್ಟೇ. ಹಳೇ ಪಂಚೆ ಹರಿದು ಲಂಗೋಟಿ ಮಾಡಿಕೊಳ್ಳಿ, ಹೊಸ ಬಟ್ಟೆ ಮೈಗೆ ಒತ್ತುತ್ತದೆ. ಸ್ನಾನಕ್ಕೆ ಟಬ್ ಯಾಕೆ, ಕಾಲು ನೀಡಿ ಕೂರುವವರು ಒಬ್ಬರಿದ್ದರೆ ಸಾಕು. ನಾರ್ಮಲ್ಲೋ ಸಿಸೇರಿಯನ್ನೋ ಎಂದು ನೋಡಲು ಬಂದವರೆಲ್ಲ ಕೇಳುತ್ತಾರೆ. ತಾಯಿ ಹೇಗಿದ್ದಾಳೆ ಎಂದು ಕೇಳಿ.

ತೊಟ್ಟಿಲು ಯಾವಾಗ ತರಬೇಕು ಎಂದು ಕೇಳಿದರೆ ಮಾತ್ರ ನನ್ನ ಉತ್ತರ ಉದ್ದವಾಗುತ್ತದೆ.

ನಮ್ಮಲ್ಲಿ ಮಗು ಹುಟ್ಟುವ ಮುಂಚೆ ಅದಕ್ಕೆಂದು ಏನನ್ನೂ ತರುವುದಿಲ್ಲ. ಮೊದಲು ತೊಡಿಸುವ ಅಂಗಿ ಕೂಡ ಇನ್ನೊಂದು ಮಗು ಹಾಕಿ ಬಿಟ್ಟದ್ದೇ ಆಗಬೇಕು. ನನ್ನ ಕಿರಿಮಗಳು ಇದನ್ನೆಲ್ಲ ಕೇಳಲಿಲ್ಲ. ಚೊಚ್ಚಲ ಬಸುರಿನಲ್ಲಿ, ಎಂಟನೇ ತಿಂಗಳಿಗೇ, ಫೋನಿನಲ್ಲಿ ಆರ್ಡರ್ ಮಾಡಿ ಸುತ್ತ ಕಟಕಟೆ ಇರುವ ಮರದ ತೊಟ್ಟಿಲು ತರಿಸಿದಳು.

"ಏನೇ ಅವಸರ ನಿಂಗೆ? ಹುಟ್ಟೋಕ್ ಮುಂಚೆ ತೊಟ್ಟಿಲು ತಂದ್ರೆ ಒಳ್ಳೇದಲ್ಲ ಕಣೇ," ಎಂದೆ.

"ಆಫರ್ ಇದೆ ಅಮ್ಮ. ಮಗು ಹುಟ್ಟೋವರ್ಗೂ ಅದು ಕಾಯಲ್ಲ."

ಅಳಿಯ ನಕ್ಕ. ನಾನು ನಗಲಿಲ್ಲ.

ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ನಾನೇ ಮಲ್ಲತ್ತಹಳ್ಳಿಯ ಅವರ ಫ್ಲ್ಯಾಟಿಗೆ ಹೋದೆ. ಕಾಮಾಕ್ಷಿಪಾಳ್ಯದ ನಮ್ಮ ಶೀಟಿನ ಮನೆಯಲ್ಲಿ ಬಿಸಿಲು ತಡೆಯಲಾಗದು ಎಂದ ಅಳಿಯ. ಆ ಶೀಟಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದಿತ್ತು. ಅಲ್ಲೇ ನನ್ನ ಮೂವರಿಗೂ ಕೆಂಡವಿಟ್ಟು ಸಾಂಬ್ರಾಣಿ ಹಾಕಿದ್ದೆ, ಏನೂ ಆಗಿರಲಿಲ್ಲ. ಆ ಸಂದು ಏನು ಕೆಲಸ ಮಾಡುತ್ತಿತ್ತು ಎಂದು ನಾನು ಯೋಚಿಸಿದವಳಲ್ಲ.

ಫ್ಲ್ಯಾಟಿನಲ್ಲಿ ಮೊದಲ ದಿನಗಳಲ್ಲಿ ಹೊಗೆ ಹಾಕಿದ ಮೇಲೆ ಬಾಂಡ್ಲಿಯನ್ನು ಹೊರಗೆ ಒಯ್ಯುತ್ತಿದ್ದೆ. ಹನ್ನೆರಡನೇ ದಿನ ಮೋಡ ಕವಿದಿತ್ತು, ಗಾಳಿ ಬೀಸುತ್ತಿತ್ತು. ಇಬ್ಬರಿಗೂ ಎಣ್ಣೆನೀರು ಹಾಕಿ, ತಾಯಿಯ ಪಕ್ಕದಲ್ಲೇ ಮಗುವನ್ನು ಮಲಗಿಸಿ, ಕಂಬಳಿ ಹೊದಿಸಿದೆ. ಬೆಚ್ಚಗಿರಲಿ ಎಂದು ಇದ್ದಿಲ ಕೆಂಡದ ಬಾಂಡ್ಲಿಯನ್ನು ಮಂಚದ ಕೆಳಗೇ ಬಿಟ್ಟೆ. ಗಾಜಿನ ಕಿಟಕಿ ಎಳೆದು ಮುಚ್ಚಿದೆ. ಬಾಗಿಲ ಕೆಳಗಿನ ಸಂದಿಗೆ ಹಳೇ ಸೀರೆ ತುರುಕಿದೆ. ಆಮೇಲೆ ಲಂಗೋಟಿ ಒಣಹಾಕಲು ಟೆರೇಸಿಗೆ ಹೋಗಿ, ಮೇಲಿನ ಮನೆಯಾಕೆಯ ಜೊತೆ ಮಾತಿಗೆ ನಿಂತೆ.

ಇಳಿದು ಬಂದು ಕೂಗಿದರೆ ಮಗಳು ಏಳಲಿಲ್ಲ. ಮಗು ಕೈಕಾಲು ಆಡಿಸುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದಳು. ಚಿಕ್ಕ ವಯಸ್ಸಿನವಳು.

"ರೂಮಲ್ಲಿ ಕೆಂಡ ಇಟ್ಟಿದ್ದು ಯಾರು ಅಜ್ಜಿ?"

"ನಾನೇ."

"ಕಿಟಕಿ?"

"ಮುಚ್ಚಿದ್ದೆ."

"ಹೊಗೆ ಅಷ್ಟೇ ಅಲ್ಲ, ಕೆಂಡದಿಂದ ವಾಸನೇನೇ ಇಲ್ದಿರೋ ವಿಷಗಾಳಿ ಬರುತ್ತೆ. ಕಿಟಕಿ ತೆಗ್ದಿದ್ರೆ ಹೀಗಾಗ್ತಿರ್ಲಿಲ್ಲ."

ಮಗಳು ಉಳಿದಳು. ಮಗು ಮೂರನೇ ದಿನ ಹೋಯಿತು.

ಮಾತಾಡಿಸಿ ಹೋಗಲು ಜನ ಬಂದರು. ಅಳಿಯನ ಚಿಕ್ಕಮ್ಮ ಚಾಪೆಯ ಮೇಲೆ ಕೂತು, "ಕೆಂಡ ಯಾರ ಮನೇಲಿ ಇಡಲ್ಲ ಹೇಳಿ? ಹುಟ್ಟೋಕ್ ಮುಂಚೆ ತೊಟ್ಟಿಲು ತಂದ್ರೆ ಹಿಂಗೇ ಆಗೋದು," ಎಂದಳು.

ಗೋಡೆಗೆ ಒರಗಿ ಕೂತಿದ್ದ ಮಗಳು, "ಅಮ್ಮ ಆವತ್ತೇ ಹೇಳಿದ್ಲು. ನಾನೇ ಕೇಳ್ಲಿಲ್ಲ," ಎಂದಳು.

ಎಲ್ಲರೂ ನನ್ನ ಕಡೆ ನೋಡಿದರು. ನಾನು ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಕೆಂಡ ಇಟ್ಟದ್ದು ತಿಳಿಯದೆ. ಬಾಯಿ ಮುಚ್ಚಿಕೊಂಡದ್ದು ತಿಳಿದೇ.

ತೊಟ್ಟಿಲನ್ನು ಮಗಳು ಗುಜರಿಯವನಿಗೆ ಹಾಕಿದಳು. ಒಂದೂವರೆ ವರ್ಷಕ್ಕೆ ಮತ್ತೆ ಬಸುರಿಯಾದಳು. ಈ ಸಲ ಒಂದು ಬಟ್ಟೆಯನ್ನೂ ತರಲಿಲ್ಲ. ಸ್ಕ್ಯಾನಿಂಗ್ ಚೀಟಿಯನ್ನು ಸೀರೆಗಳ ಅಡಿ ಬಚ್ಚಿಟ್ಟಳು. ಪಕ್ಕದ ಮನೆಯವಳು ಪುಟ್ಟ ಕಾಲುಚೀಲ ಹೆಣೆದು ಕೊಟ್ಟರೆ ವಾಪಸು ಕೊಟ್ಟು ಬಂದಳು. ಹುಟ್ಟಿದ ಮೇಲಾದರೂ ಏನು ಬೇಕು ಹೇಳೇ ಎಂದು ಕೇಳಿದೆ.

"ಎಲ್ಲಾ ನೀನೇ ತಂದ್ಬಿಡಮ್ಮ. ನಾನು ಮುಟ್ಟಲ್ಲ. ನನ್ನ ಕೈ ಒಳ್ಳೇದಲ್ಲ."

ಮಾರನೇ ದಿನ ಬೆಳಿಗ್ಗೆ ವಿಜಯನಗರದ ಒಂದು ಫರ್ನಿಚರ್ ಅಂಗಡಿಗೆ ಹೋದೆ. ಕಟಕಟೆ ಅಲ್ಲಾಡಿಸಿ ನೋಡಿದೆ, ಸಂದಿನಲ್ಲಿ ಮಗುವಿನ ತಲೆ ಸಿಕ್ಕುವುದಿಲ್ಲ ತಾನೇ ಎಂದು ಮುಷ್ಟಿ ತೂರಿಸಿ ನೋಡಿದೆ.

"ಎಷ್ಟು ತಿಂಗಳ ಮಗು ಅಜ್ಜಿ?" ಎಂದ ಅಂಗಡಿಯವನು.

"ಇನ್ನೂ ಹುಟ್ಟಿಲ್ಲ."

"ಹಂಗಾದ್ರೆ ಅಡ್ವಾನ್ಸ್ ಕೊಟ್ಟು ಹೋಗಿ. ಹುಟ್ಟಿದ್ ಮೇಲೆ ಒಂದು ಫೋನ್ ಮಾಡಿ, ಕಳಿಸ್ತೀವಿ. ಎಲ್ಲಾರೂ ಹಂಗೇ ಮಾಡೋದು."

"ಈಗ್ಲೇ ಗಾಡಿಗೆ ಹಾಕ್ಸಪ್ಪ."

ಗೂಡ್ಸ್ ಆಟೋದಲ್ಲಿ ಡ್ರೈವರ್ ಪಕ್ಕ ಕೂತು ಮಲ್ಲತ್ತಹಳ್ಳಿಗೆ ತಂದೆ. ಅವಳಿಗೆ ಏಳು ತಿಂಗಳು. ಬಾಗಿಲು ತೆಗೆದವಳು ಗೋಡೆ ಹಿಡಿದುಕೊಂಡಳು.

"ಯಾಕಮ್ಮ ತಂದೆ? ಇದೂ ಹೋಗ್ಲಿ ಅಂತನಾ?"

ನಿಂತಲ್ಲೇ ಹೇಳಿದೆ. "ಮಂಚದ ಕೆಳಗೆ ಕೆಂಡ ಬಿಟ್ಟೋಳು ನಾನು. ಕಿಟಕಿ ಮುಚ್ಚಿದೋಳು ನಾನು. ಕಿಟಕಿ ತೆಗ್ದಿದ್ರೆ ಏನೂ ಆಗ್ತಿರ್ಲಿಲ್ಲ ಅಂತ ಡಾಕ್ಟರಮ್ಮ ನಂಗೆ ಹೇಳಿದ್ಲು. ತೊಟ್ಟಿಲೂ ಏನೂ ಮಾಡ್ಲಿಲ್ಲ, ನೀನೂ ಏನೂ ಮಾಡ್ಲಿಲ್ಲ."

"ಯಾವಾಗ ಹೇಳಿದ್ರು?"

"ಆವತ್ತೇ."

"ಎರಡು ವರ್ಷ ನಾನು ಅಳ್ತಿದ್ದನ್ನ ನೋಡ್ಕೊಂಡು ಕೂತಿದ್ಯಾ?"

"ಹೂಂ."

"ಮನೆಗೆ ಹೋಗು," ಎಂದಳು. ಹೋದೆ.

ಬಾಣಂತನಕ್ಕೆ ನನ್ನನ್ನು ಕರೆಯಲಿಲ್ಲ. ಸಂಬಳಕ್ಕೆ ಒಬ್ಬಳನ್ನು ಇಟ್ಟುಕೊಂಡರು. ಗಂಡು ಮಗು ಎಂದು ಅಳಿಯ ಫೋನು ಮಾಡಿದ. ಮೂರು ತಿಂಗಳು ತುಂಬಿದ ಮೇಲೆ ಒಂದು ಭಾನುವಾರ ಬಾ ಎಂದಳು ಮಗಳು. ಮಗು ನಾನು ತಂದ ತೊಟ್ಟಿಲಲ್ಲಿ ಮಲಗಿತ್ತು. ತೊಟ್ಟಿಲನ್ನು ಕಿಟಕಿಯ ಪಕ್ಕಕ್ಕೇ ಎಳೆದಿಟ್ಟಿದ್ದಳು. ಹತ್ತಿರದ ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬಂದು ಪರದೆ ಮಗುವಿನ ಮೇಲೆ ಹಾರುತ್ತಿತ್ತು. ನನಗೆ ಅರಿವಿಲ್ಲದೆ ಎದ್ದು ಕಿಟಕಿಗೆ ಕೈ ಹಾಕಿದೆ.

"ಅಮ್ಮ," ಎಂದಳು ಹಿಂದಿನಿಂದ.

ಕೈ ತೆಗೆದು ಬಂದು ಕೂತೆ. ಹೊರಡುವವರೆಗೂ ಗಾಳಿ ಬೀಸುತ್ತಲೇ ಇತ್ತು. ಮಗುವನ್ನು ಎತ್ತಿಕೋ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ.