ಹೊಟ್ಟೆ ಅಂದುಕೊಂಡದ್ದು ಗುಲ್ಮ

ನಾನು ಇಪ್ಪತ್ತೆರಡು ವರ್ಷಗಳಿಂದ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ನಮ್ಮ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇದೆ. ಅಲ್ಲಿ ಕೂತುಕೊಳ್ಳುವವನು ನಾನು. ಕಲಿಯುವವರು ಕಂಬ, ಗೋಡೆ, ನಿಂತ ಲಾರಿ ಎಲ್ಲದರ ಕಡೆಗೂ ಭೇದಭಾವವಿಲ್ಲದೆ ನುಗ್ಗುತ್ತಾರೆ, ನಾನು ಒತ್ತುತ್ತೇನೆ. ಅದಕ್ಕೇ ನನ್ನನ್ನು ಎಲ್ಲರೂ ಬ್ರೇಕ್ ಮೇಷ್ಟ್ರು ಅನ್ನುತ್ತಾರೆ. ಈ ಹೆಸರಿನಿಂದ ನನಗೆ ಸ್ವಲ್ಪ ಜಂಬವೂ ಇತ್ತು. ಅಪಾಯವನ್ನು ನೂರು ಅಡಿ ಮುಂಚೆಯೇ ಕಂಡುಹಿಡಿಯುವ ಕಣ್ಣು ನನ್ನದು ಅಂತ.

ಆ ಕಣ್ಣಿಗೆ ನನ್ನದೇ ಹೊಟ್ಟೆ ಕಾಣಲಿಲ್ಲ.

ಐವತ್ತೊಂದನೇ ವಯಸ್ಸಿನಲ್ಲಿ ಸೀಟ್ ಬೆಲ್ಟು ಎಡಗಡೆ ಪಕ್ಕೆಯ ಕೆಳಗೆ ಒತ್ತಲು ಶುರುವಾಯಿತು. ಬೊಜ್ಜು ಬಂತು ಅಂದುಕೊಂಡು ಊಟ ಕಡಿಮೆ ಮಾಡಿದೆ. ಕಡಿಮೆ ಮಾಡುವುದೂ ಸುಲಭವಾಯಿತು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿಬಿಡುತ್ತಿತ್ತು. ಮೂರು ತಿಂಗಳಲ್ಲಿ ಏಳು ಕಿಲೋ ಇಳಿದೆ. ಆಫೀಸಿನಲ್ಲಿ ಸಿಕ್ಕಸಿಕ್ಕವರನ್ನು ಕೂರಿಸಿಕೊಂಡು, ನಾಲಿಗೆಯನ್ನು ಹೇಗೆ ಹಿಡಿತದಲ್ಲಿಡಬೇಕು ಅಂತ ಉಪನ್ಯಾಸ ಕೊಟ್ಟೆ. ಇಬ್ಬರು ಬರೆದುಕೊಂಡರು ಕೂಡ.

ನನ್ನ ಹೆಂಡತಿಗೆ ಮಾತ್ರ ಲೆಕ್ಕ ಸರಿಹೋಗಲಿಲ್ಲ. “ರೀ, ಮುಖ ಇಳೀತು, ತೋಳು ಇಳೀತು, ಪ್ಯಾಂಟು ಜಾರ್ತಿದೆ. ಹೊಟ್ಟೆ ಒಂದೇ ಯಾಕೆ ಹಟ ಹಿಡಿದು ಕೂತಿದೆ?”

“ಅದು ಕೊನೇಲಿ ಹೋಗೋದು ಕಣೇ,” ಎಂದೆ, ವಿಷಯ ಗೊತ್ತಿರುವವನ ಹಾಗೆ.

ಲೈಸೆನ್ಸು ನವೀಕರಿಸಲು ವೈದ್ಯಕೀಯ ಪರೀಕ್ಷೆ ಮಾಡಿಸಬೇಕಾಗಿ ಬಂದಾಗ ರಕ್ತ ಕೊಟ್ಟೆ. ಮಾರನೇ ದಿನ ಲ್ಯಾಬಿನವರೇ ಫೋನ್ ಮಾಡಿ, ಮಿಷನ್ನು ಕೆಟ್ಟಿರಬಹುದು, ಇನ್ನೊಂದು ಸಲ ಕೊಡಿ ಅಂದರು. ಮಿಷನ್ನು ಚೆನ್ನಾಗಿಯೇ ಇತ್ತು. ಹತ್ತು ಸಾವಿರದೊಳಗಿರಬೇಕಾದ ಬಿಳಿ ರಕ್ತಕಣ ಒಂದು ಲಕ್ಷ ಎಂಬತ್ತಾರು ಸಾವಿರ ಇತ್ತು. ದೊಡ್ಡಾಸ್ಪತ್ರೆಯ ರಕ್ತದ ಡಾಕ್ಟರಮ್ಮನ ಮುಂದೆ ಕೂತಾಗಲೂ ನನ್ನ ಧೈರ್ಯ ಇಳಿದಿರಲಿಲ್ಲ.

“ಬಿಳಿ ಕಣ ಅಂದ್ರೆ ಸೈನಿಕರಲ್ವಾ ಡಾಕ್ಟ್ರೇ? ಜಾಸ್ತಿ ಇದ್ರೆ ಒಳ್ಳೇದೇ ತಾನೆ?”

“ಸಮವಸ್ತ್ರ ಇದೆ, ಕೆಲಸ ಬರಲ್ಲ. ಬರೀ ಗುಂಪು ಕಟ್ಕೊಂಡು ಓಡಾಡ್ತಾರೆ,” ಎಂದರು ಆಕೆ. ನನ್ನನ್ನು ಮಲಗಿಸಿ ಪಕ್ಕೆಯ ಕೆಳಗೆ ಬೆರಳೊತ್ತಿದರು. “ಇದನ್ನ ಬೊಜ್ಜು ಅಂದ್ಕೊಂಡಿದ್ರಾ? ಇದು ಗುಲ್ಮ, ಸ್ಪ್ಲೀನು ಅಂತೀವಲ್ಲ, ಅದು. ಊದಿದೆ. ಹೊಟ್ಟೆನ ಅದು ಒತ್ತೋದ್ರಿಂದಾನೇ ನಿಮಗೆ ಊಟ ಸೇರ್ತಿರಲಿಲ್ಲ.”

ಜೊತೆಗೆ ಬಂದಿದ್ದ ಹೆಂಡತಿ ನನ್ನ ಕಡೆ ನೋಡಿದಳು. ನನ್ನ ಉಪನ್ಯಾಸ ಬರೆದುಕೊಂಡ ಆ ಇಬ್ಬರು ನನಗೆ ನೆನಪಾದರು.

ರಕ್ತದ ಕ್ಯಾನ್ಸರು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಡಾಕ್ಟರಮ್ಮ ಹೇಳಿದ್ದೊಂದೂ ನನ್ನ ತಲೆಗೆ ಹೋಗಲಿಲ್ಲ. ಇದು ನಿಧಾನದ ಜಾತಿಯದ್ದು, ದಿನಕ್ಕೊಂದು ಮಾತ್ರೆ ತಪ್ಪದೆ ತೆಗೆದುಕೊಂಡರೆ ವರ್ಷಗಟ್ಟಲೆ ಬದುಕಬಹುದು ಎಂದದ್ದನ್ನು ಹೆಂಡತಿ ಕೇಳಿಸಿಕೊಂಡಳು. ನಾನು ಮನೆಗೆ ಬಂದು ಸಾಯುವ ಸಿದ್ಧತೆಗೆ ತೊಡಗಿದೆ. ಹಾಸಿಗೆಯ ಮೇಲೆ ದಿಂಬಿಗೊರಗಿ ಕೂತು, ಕಣ್ಣಿನ ತುಂಬ ಕ್ಷಮೆ ತುಂಬಿಕೊಂಡು, ಬಂದ ನೆಂಟರನ್ನೆಲ್ಲ ನೋಡಿದೆ. ಭಾವಮೈದುನನನ್ನು ಕರೆದು ನನ್ನ ಒಂದೇ ಒಂದು ಒಳ್ಳೆಯ ಕೋಟನ್ನು ಕೊಟ್ಟುಬಿಟ್ಟೆ. ಆತ ಕಣ್ಣೀರು ಹಾಕುತ್ತಲೇ ತೋಳಿನ ಉದ್ದ ನೋಡಿಕೊಂಡ. ಹೆಂಡತಿ ಕೊಟ್ಟ ಮಾತ್ರೆಯಿಂದ ಎರಡು ತಿಂಗಳಲ್ಲಿ ನನ್ನ ಕಣಗಳು ಒಂಬತ್ತು ಸಾವಿರಕ್ಕಿಳಿದವು, ಗುಲ್ಮ ಒಳಗೆ ಹೋಯಿತು. ಕೊಟ್ಟ ಕೋಟನ್ನು ವಾಪಸ್ ಕೇಳಲು ಬರುತ್ತದೆಯೇ?

ಸಾಯುವುದಕ್ಕೆ ಒಂದು ಗಾಂಭೀರ್ಯವಾದರೂ ಇತ್ತು. ಈ ದಿನದಿನದ ಬದುಕಿಗೆ ಅದೂ ಇಲ್ಲ. ಮಾತ್ರೆಯ ದೆಸೆಯಿಂದ, ಬೆಳಿಗ್ಗೆ ಎದ್ದರೆ ಕಣ್ಣಿನ ಸುತ್ತ ಬನ್ನಿನ ಹಾಗೆ ಊದಿರುತ್ತಿತ್ತು. ನಮ್ಮ ಮಾಲೀಕರು ನನ್ನನ್ನು ಪಕ್ಕಕ್ಕೆ ಕರೆದು, “ಮನೇಲಿ ಏನಾದ್ರೂ ಜಗಳಾನಾ? ರಾತ್ರಿಯೆಲ್ಲ ಅತ್ತ ಹಾಗಿದೆ,” ಎಂದರು. ಅಲರ್ಜಿ ಅಂದೆ. ಮೀನಖಂಡ ಹಿಡಿದು ಕುಂಟಿದಾಗ ಮೆಟ್ಟಿಲಲ್ಲಿ ಜಾರಿದೆ ಅಂದೆ. ಕ್ಯಾನ್ಸರು ಅಂತ ಗೊತ್ತಾದರೆ ಯಾರು ನನ್ನ ಪಕ್ಕ ಕೂತು ಕಾರು ಕಲಿಯುತ್ತಾರೆ ಎಂಬುದು ನನ್ನ ಭಯ. ಯಾರಾದರೂ “ಸುಸ್ತಾಗಿದ್ದೀರಾ?” ಅಂದರೂ ಸಾಕು, ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಎರಡನೇ ವರ್ಷ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ರಿಪೋರ್ಟು ಚೆನ್ನಾಗಿದೆ, ತೊಂದರೆ ಕೊಡುತ್ತಿರುವುದು ಮಾತ್ರೆ; ಹಾಗಾದರೆ ಮಾತ್ರೆಗೇ ರಜೆ ಕೊಟ್ಟರೆ ಹೇಗೆ? ಮೊದಲು ಭಾನುವಾರ ಬಿಟ್ಟೆ. ಆಮೇಲೆ ಕಲಿಯುವವರನ್ನು ಪರೀಕ್ಷೆಗೆ ಕರೆದೊಯ್ಯುವ ದಿನ. ಕೊನೆಗೆ ಎಲ್ಲ ದಿನವೂ ಯಾವುದೋ ಒಂದು ವಿಶೇಷ ದಿನವೇ ಆಯಿತು. ಹೆಂಡತಿ ತಿಂಡಿಯ ಜೊತೆ ತಂದಿಟ್ಟ ಮಾತ್ರೆಯನ್ನು ಬಾಯಿಗೆ ಹಾಕಿಕೊಂಡ ಹಾಗೆ ಮಾಡಿ ಅಂಗೈಯಲ್ಲಿ ಇಟ್ಟುಕೊಂಡು, ಹಳೇ ಬೂಟಿನೊಳಗೆ ಹಾಕುತ್ತಿದ್ದೆ. ನಡುರಸ್ತೆಯಲ್ಲಿ ನಿಯಮ ಮುರಿಯಬೇಡಿ ಅಂತ ದಿನಕ್ಕೆ ಹತ್ತು ಜನಕ್ಕೆ ಕಿರುಚುವವನು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಎರಡು ತಿಂಗಳ ನಂತರದ ರಕ್ತಪರೀಕ್ಷೆಯಲ್ಲಿ ಕೆಟ್ಟ ಕಣಗಳ ಅಂಕಿ ಮತ್ತೆ ಏರಿತ್ತು. “ಎಷ್ಟು ಮಾತ್ರೆ ತಪ್ಪಿಸಿದ್ರಿ?” ಡಾಕ್ಟರಮ್ಮ ಕೇಳಿದರು. “ಒಂದೋ ಎರಡೋ...” ಎಂದೆ. ಮನೆಗೆ ಬಂದು ಹೆಂಡತಿ ಚಪ್ಪಲಿ ಗೂಡಿನ ಮುಂದೆ ಕೂತು ಗುಡಿಸತೊಡಗಿದಳು. ಕೋಪ ಬಂದಾಗ ಗುಡಿಸುವುದು ಅವಳ ಅಭ್ಯಾಸ. ಹಳೇ ಬೂಟನ್ನು ಸರಿಸಿದಾಗ ಅದು ಗಿಲಕಿಯ ಹಾಗೆ ಸದ್ದು ಮಾಡಿತು.

ಬೈಯುತ್ತಾಳೆ ಎಂದು ಕಾದೆ. ಅವಳು ಬೂಟನ್ನು ಮಡಿಲಲ್ಲಿಟ್ಟುಕೊಂಡು ಮೆಲ್ಲಗೆ ಹೇಳಿದಳು: “ನೀವು ಮಾತ್ರೆ ನುಂಗೋದು ನೋಡಿದ ಮೇಲೇ ನಾನು ತಿಂಡಿ ತಿನ್ನೋದು. ನಿಮಗೆ ಗೊತ್ತಿಲ್ಲ. ಎರಡು ತಿಂಗಳಿಂದ ನಾನು ಯಾವುದನ್ನ ನೋಡಿಕೊಂಡು ತಿಂದೆ?”

ನೀರು ತಂದು ಅವಳ ಎದುರೇ ಮಾತ್ರೆ ನುಂಗಿದೆ, ಬಾಯಿ ತೆರೆದು ನಾಲಿಗೆ ಎತ್ತಿಯೂ ತೋರಿಸಿದೆ.

ಮಾತ್ರೆ ಮರಳಿತು, ಅದರ ಹಿಂದೆಯೇ ಕಾಲು ಹಿಡಿಯುವುದೂ ಮರಳಿತು. ಆಗ ನನ್ನ ಬಳಿ ಕಲಿಯುತ್ತಿದ್ದವರು ನಿವೃತ್ತ ಹೆಡ್‌ಮೇಡಮ್ಮು. ಅರವತ್ತನಾಲ್ಕು ವರ್ಷ, ಯಜಮಾನರಿಗೆ ಕಣ್ಣು ಮಂಜಾದ್ದರಿಂದ ಸ್ಟೇರಿಂಗು ತಾವು ಹಿಡಿಯಲು ಹೊರಟವರು. ನಾಲ್ಕು ಸಲ ಪರೀಕ್ಷೆಯಲ್ಲಿ ಫೇಲಾಗಿದ್ದರೂ ಪರೀಕ್ಷಕರದ್ದೇ ತಪ್ಪು ಎಂದು ನಂಬಿದ್ದರು. ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಬರುತ್ತಿದ್ದಾಗ ಪಕ್ಕದ ಗೇಟಿನಿಂದ ಒಂದು ವ್ಯಾನು ಹಿಂದಕ್ಕೆ ಬಂತು. ನಾನು ಬ್ರೇಕಿಗೆ ಕಾಲು ಚಾಚಿದೆ. ಮೀನಖಂಡ ಗಂಟು ಬಿದ್ದು ಕಲ್ಲಾಯಿತು.

“ಅಯ್ಯಯ್ಯಮ್ಮಾ!” ಎಂದು ಕಿರುಚಿದ್ದೊಂದೇ ನಾನು ಮಾಡಿದ ಕೆಲಸ.

ಹೆಡ್‌ಮೇಡಮ್ಮು ಬ್ರೇಕು ಒತ್ತಿದರು, ಹ್ಯಾಂಡ್‌ಬ್ರೇಕು ಎಳೆದರು, ವ್ಯಾನಿನವನಿಗೆ ಎರಡು ಮಾತು ಬೈದರು. ಆಮೇಲೆ ನನ್ನ ಕಡೆ ತಿರುಗಿ, “ಕಾಲಿನ ಹೆಬ್ಬೆರಳು ಮೇಲಕ್ಕೆ ಎಳೀರಿ. ಈಗ ಹೇಳಿ, ಏನು ಕಾಯಿಲೆ?” ಎಂದರು.

“ಮೆಟ್ಟಿಲಲ್ಲಿ ಜಾರಿ...”

“ಮೂವತ್ತೈದು ವರ್ಷ ಸುಳ್ಳು ಕೇಳಿದೀನಿ ಮೇಷ್ಟ್ರೇ.”

ಹೇಳಿದೆ. ಎಲ್ಲವನ್ನೂ ಹೇಳಿದೆ, ಬೂಟಿನದ್ದನ್ನೂ. ಅವರು ಎಂಜಿನ್ ಆರಿಸಿ ಪೂರ್ತಿ ಕೇಳಿಸಿಕೊಂಡರು.

“ಹೋಂವರ್ಕ್ ಮಾಡದ ಮಕ್ಕಳು ಹೊಟ್ಟೆ ನೋವು ಅಂತಾರೆ. ನೀವು ನಿಜವಾದ ಹೊಟ್ಟೆ ನೋವು ಇಟ್ಕೊಂಡು ಹೋಂವರ್ಕ್ ಮುಗಿದಿದೆ ಅಂತಿದ್ದೀರಲ್ಲ! ನನಗೆ ನಿಮ್ಮ ಕ್ಯಾನ್ಸರಿನ ಭಯ ಇಲ್ಲ. ನಿಮ್ಮ ಕಾಲಿನ ಭಯ ಇದೆ. ನಡೀರಿ, ಮಾಲೀಕರಿಗೆ ಇವತ್ತೇ ಹೇಳೋಣ.”

ಸ್ಕೂಲಿನವರೆಗೂ ಅವರೇ ಓಡಿಸಿದರು. ದಾರಿಯುದ್ದಕ್ಕೂ ನಾನು ಕಣ್ಣೀರಿಡುವ ಸಹೋದ್ಯೋಗಿಗಳನ್ನು ಕಲ್ಪಿಸಿಕೊಂಡು, ಅವರಿಗೆ ಹೇಳಬೇಕಾದ ಸಮಾಧಾನದ ಮಾತುಗಳನ್ನು ಜೋಡಿಸಿಕೊಂಡೆ. ಮಾಲೀಕರು ಎಲ್ಲ ಕೇಳಿ, “ಓ, ಜಗಳ ಅಲ್ವಾ?” ಎಂದು ನಿಟ್ಟುಸಿರು ಬಿಟ್ಟರು. ಕಾಲು ಸರಿಯಾಗುವವರೆಗೆ ರಸ್ತೆ ಬೇಡ, ಒಳಗೆ ಪಾಠ ಮಾಡಿ ಎಂದರು. ಇನ್ನೊಬ್ಬ ಮೇಷ್ಟ್ರು ನನ್ನ ಹೆಗಲು ತಟ್ಟಿ, ಕಾರಿನ ಕೀಲಿ ಎಲ್ಲಿದೆ ಎಂದು ಕೇಳಿದರು. ನಾನು ಜೋಡಿಸಿಟ್ಟ ಸಮಾಧಾನದ ಮಾತುಗಳೆಲ್ಲ ನನಗೇ ಉಪಯೋಗವಾದವು.

ಕಾಲಿನ ವಿಷಯವನ್ನು ಡಾಕ್ಟರಮ್ಮನಿಗೂ ಮೊದಲ ಸಲ ನಿಜವಾಗಿ ಹೇಳಿದೆ. “ಇದನ್ನ ಮೊದಲೇ ಹೇಳೋದಲ್ವಾ?” ಎಂದು ಮಾತ್ರೆಯ ಪ್ರಮಾಣ ಸ್ವಲ್ಪ ಬದಲಿಸಿದರು. ಎರಡು ವರ್ಷ ಬೂಟಿನೊಳಗೆ, ಬಾಯೊಳಗೆ, ಹೊಟ್ಟೆಯೊಳಗೆ ಬಚ್ಚಿಟ್ಟ ಸಂಕಟ ಒಂದು ವಾಕ್ಯಕ್ಕೆ ಅರ್ಧ ಕರಗಿತು. ಐದು ತಿಂಗಳಿಗೆ ರಸ್ತೆಗೆ ಮರಳಿದೆ. ಅಷ್ಟರಲ್ಲಿ ಹೆಡ್‌ಮೇಡಮ್ಮು ಇನ್ನೊಬ್ಬ ಮೇಷ್ಟ್ರ ಬಳಿ ಕಲಿತು ಒಂದೇ ಏಟಿಗೆ ಪಾಸಾಗಿದ್ದರು. ತಪ್ಪು ಪರೀಕ್ಷಕರದ್ದಲ್ಲ, ಹಳೇ ಮೇಷ್ಟ್ರದ್ದು ಅಂತ ಈಗ ಅವರಿಗೆ ಅನುಮಾನವಂತೆ.

ಕಾಯಿಲೆಗೆ ಈಗ ಆರನೇ ವರ್ಷ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬಂದ ಮೇಲೆ ರಿಪೋರ್ಟು ಬರುವವರೆಗಿನ ಹತ್ತು ದಿನ ನಾನು ಮನುಷ್ಯನಲ್ಲ; ಸೀನಿದರೂ ಕ್ಯಾನ್ಸರೇ, ಸೀನದಿದ್ದರೂ ಕ್ಯಾನ್ಸರೇ. ಕಳೆದ ಮಂಗಳವಾರ ರಿಪೋರ್ಟು ಬಂತು. ಹೆಂಡತಿ ಫೋನು ಹಿಡಿದು ಎರಡು ಸಲ ಓದಿದಳು. ಕೆಟ್ಟ ಕಣಗಳು ಹುಡುಕಿದರೂ ಸಿಗದಷ್ಟು ಕಡಿಮೆಯಾಗಿದ್ದವು. ನಾನು ಸೋಫಾದ ಅಂಚಿನಲ್ಲಿ ಕೂತು, ಏನಾದರೂ ದೊಡ್ಡ ಮಾತು ಬರುತ್ತದೆ ಎಂದು ಕಾಯುತ್ತಿದ್ದೆ.

“ಸರಿ,” ಎಂದು ಕಣ್ಣೊರೆಸಿಕೊಂಡು ಹೇಳಿದಳು, “ಬಚ್ಚಲಿನ ಬಲ್ಬು ಹೋಗಿದೆ. ಹೋಗಿ ತನ್ನಿ.”

ಸಂತೋಷದಲ್ಲಿ ಶಿಳ್ಳೆ ಹಾಕುತ್ತ ಹೋಗಿ ತಂದೆ. ತಂದ ಬಲ್ಬು ಹೋಲ್ಡರಿಗೆ ಕೂರಲಿಲ್ಲ.