ಕಾವಲಿಯ ಮುಂದೆ ವೆಂಡೆಲ್ ಪಿಕೆಟ್

ವೆಂಡೆಲ್ ಪಿಕೆಟ್ ತನ್ನ ಎಪ್ಪತ್ತನಾಲ್ಕು ವರ್ಷಗಳಲ್ಲಿ ಒಂದೇ ಒಂದು ತಪ್ಪನ್ನೂ ಒಪ್ಪಿಕೊಂಡವನಲ್ಲ. ಒಂದನೇ ತರಗತಿಯಿಂದ ಅವನನ್ನು ನೋಡುತ್ತಿರುವುದರಿಂದ ಈ ಮಾತನ್ನು ಧೈರ್ಯವಾಗಿ ಹೇಳುತ್ತೇನೆ. ಫೈರ್ ಎಂಜಿನ್ ಹಿಂದಕ್ಕೆ ತೆಗೆಯುವಾಗ ಒಮ್ಮೆ ಚರ್ಚಿನ ಬೇಲಿ ಮುರಿದ. ಬೇಲಿಯನ್ನೇ ತಪ್ಪು ಜಾಗದಲ್ಲಿ ಕಟ್ಟಿದ್ದೀರಿ ಎಂದು ಮಾರನೆಯ ದಿನ ಪಾದ್ರಿಗೆ ಕಾಗದ ಬರೆದ.

ಅಮೆರಿಕದ ವರ್ಮಾಂಟ್ ರಾಜ್ಯದ ನಮ್ಮ ಊರಿನಲ್ಲಿ ಬೆಂಕಿ ಆರಿಸುವವರೆಲ್ಲ ಸಂಬಳವಿಲ್ಲದ ಊರವರೇ. ಮಾರ್ಚಿನಲ್ಲಿ, ಮೇಪಲ್ ಮರದ ರಸ ಕುದಿಸಿ ಪಾಕ ಮಾಡುವ ದಿನಗಳಲ್ಲಿ, ಒಂದು ಭಾನುವಾರ ಎಂಜಿನ್‌ಗಳನ್ನು ಅಂಗಳಕ್ಕೆ ತಂದು ನಿಲ್ಲಿಸಿ, ಅವು ನಿಲ್ಲುವ ಜಾಗದಲ್ಲಿ ಉದ್ದನೆಯ ಮೇಜುಗಳನ್ನು ಹಾಕಿ ಊರಿಗೆಲ್ಲ ಪ್ಯಾನ್‌ಕೇಕ್ ತಿಂಡಿ ಕೊಡುತ್ತಾರೆ. ಮೂವತ್ತೊಂದು ವರ್ಷದಿಂದ ಕಾವಲಿ ವೆಂಡೆಲ್‌ನದು, ಹಿಟ್ಟು ಕಲಸುವುದು ಅವನ ಹೆಂಡತಿ ಥೆಲ್ಮಾಳದು, ತಟ್ಟೆ ತೊಳೆಯುವುದು ಮಗಳು ಡಾರ್ಲಾಳದು. ಅಲ್ಲಿ ಒಂದು ಹಳೆಯ ಕಟ್ಟಳೆಯೂ ಇದೆ. ಅಡುಗೆಯಲ್ಲಿ ತಪ್ಪಿದವರು ಉಳಿದ ಹೊತ್ತೆಲ್ಲ ತೊಟ್ಟಿಯ ಮುಂದೆ ನಿಂತು ಪಾಕ ಅಂಟಿದ ತಟ್ಟೆ ತೊಳೆಯಬೇಕು. ವೆಂಡೆಲ್ ಆ ತೊಟ್ಟಿಗೆ ಅರ್ಧ ಊರನ್ನೇ ಅಟ್ಟಿದ್ದ. ತಾನು ಹೋದವನಲ್ಲ.

ಎರಡು ವರ್ಷದಿಂದ ಥೆಲ್ಮಾಳಿಗೆ ಮರೆವು. ಕಳೆದ ವರ್ಷ ಹಿಟ್ಟಿಗೆ ಎರಡು ಸಲ ಉಪ್ಪು ಬಿತ್ತು. ಈ ಫೆಬ್ರುವರಿಯ ಸಭೆಯಲ್ಲಿ ಗ್ವೆನ್ ಹಾರ್ಲಿ ಆ ವಿಷಯ ಎತ್ತಿದಳು. ತಿಂಡಿಯ ಉಸ್ತುವಾರಿ ಅವಳದು.

“ಅಂಗಡಿಯಿಂದ ಸಿದ್ಧ ಹಿಟ್ಟು ತಂದ್ಬಿಡೋಣ ವೆಂಡೆಲ್. ನೀರು ಹಾಕಿ ಕದಡಿದ್ರೆ ಆಯ್ತು. ಥೆಲ್ಮಾ ಆರಾಮಾಗಿ ಕೂತು ತಿನ್ಲಿ.”

“ಅವಳು ಕೂತು ತಿನ್ನೋಕೆ ಬರಲ್ಲ. ಕಲಸೋಕೆ ಬರ್ತಾಳೆ.”

“ಸರಿ. ಈ ಸಲ ಕೆಟ್ರೆ ಮುಂದಿನ ವರ್ಷದಿಂದ ಅಂಗಡಿ ಹಿಟ್ಟೇ. ಆಮೇಲೆ ನನ್ನ ಹತ್ರ ಜಗಳಕ್ಕೆ ಬರ್ಬೇಡ.”

ಅವಳ ಮಾತಿಗೆ ಎಲ್ಲರೂ ಕೈ ಎತ್ತಿದರು. ನಾನೂ ಎತ್ತಿದೆ. ಥೆಲ್ಮಾಳಿಗೆ ಈಗ ಮನೆಯಲ್ಲಿ ಒಲೆ ಹಚ್ಚಲು ಬಿಡುತ್ತಿರಲಿಲ್ಲ, ಕಾರಿನ ಕೀಲಿಯನ್ನು ಮಗಳು ತೆಗೆದಿಟ್ಟಿದ್ದಳು. ಅವಳ ಪಾಲಿಗೆ ಉಳಿದದ್ದು ಈ ಹಿಟ್ಟಿನ ಪಾತ್ರೆಯೊಂದೇ. ಅದು ಗೊತ್ತಿದ್ದೂ ಎತ್ತಿದೆ. ನೂರೈವತ್ತು ಜನ ತಿನ್ನುವ ತಿಂಡಿ ಅದು.

ತಿಂಡಿಯ ಭಾನುವಾರ ಕಾಫಿ ಹಂಚುವ ಕೆಲಸ ನನ್ನದಾಗಿತ್ತು. ಪಕ್ಕದ ಮೇಜಿನಲ್ಲೇ ಥೆಲ್ಮಾ. ವೆಂಡೆಲ್ ಬೆಳಗಿನ ಐದಕ್ಕೇ ತನ್ನ ಟ್ರಕ್ಕಿನಿಂದ ಹಿಟ್ಟು, ಮಜ್ಜಿಗೆ, ಮೊಟ್ಟೆ ಇಳಿಸಿ ಅವಳ ಮುಂದೆ ಸಾಲಾಗಿ ಜೋಡಿಸಿಟ್ಟಿದ್ದ. ಅವಳು ಬಾಯಲ್ಲೇ ಲೆಕ್ಕ ಹೇಳಿಕೊಳ್ಳುತ್ತ ಮೊಟ್ಟೆ ಒಡೆದಳು. ಕೈಯ ವೇಗ ಹಿಂದಿನಷ್ಟೇ ಇತ್ತು.

ಏಳೂವರೆಗೆ ಮೊದಲ ತಟ್ಟೆಗಳು ಹೋದವು. ಸ್ವಲ್ಪ ಹೊತ್ತಿಗೆ ಹಾಲು ಮಾರುವ ರಾಯ್ ತನ್ನ ತಟ್ಟೆ ಹಿಡಿದುಕೊಂಡೇ ಕಾವಲಿಯ ಬಳಿ ಬಂದ.

“ಏನಪ್ಪಾ ವೆಂಡೆಲ್, ಎಂಜಿನ್ ಹೊರಗೆ ತರೋವಾಗ ಇವುಗಳ ಮೇಲೆ ಹತ್ತಿಸಿದ್ಯಾ?”

“ತಿನ್ನೋ ಸುಮ್ನೆ.”

“ತಿನ್ನೋದಾ? ಬೂಟಿಗೆ ಅಟ್ಟೆ ಹೊಡೆಸ್ತೀನಿ. ಎರಡು ಚಳಿಗಾಲ ಬರುತ್ತೆ.”

ಮೇಜಿನವರು ನಕ್ಕರು. ವೆಂಡೆಲ್ ಕಾವಲಿಯ ಮೇಲಿನ ಪ್ಯಾನ್‌ಕೇಕನ್ನು ಸಟ್ಟುಗದಿಂದ ಎತ್ತಿ ನೋಡಿದ. ಗುಳ್ಳೆ ಎದ್ದಿರಲಿಲ್ಲ. ಹಲಗೆಯಂತೆ ಚಪ್ಪಟೆಯಾಗಿ ಬಿದ್ದಿತ್ತು. ಮೇಜುಗಳ ಆ ತುದಿಯಿಂದ ಗ್ವೆನ್ ಇತ್ತ ಬರುತ್ತಿದ್ದಳು. ದಾರಿಯಲ್ಲಿ ಯಾರೋ ಮಾತಿಗೆ ನಿಲ್ಲಿಸಿಕೊಂಡರು.

ಅವನು ಥೆಲ್ಮಾಳ ಮೇಜಿಗೆ ಬಂದ.

“ಎಲ್ಲಾ ಹಾಕಿದ್ಯಾ?”

“ಹಾಕ್ದೆನಲ್ಲ. ಮೂವತ್ತು ವರ್ಷದಿಂದ ಹಾಕ್ತಿಲ್ವಾ? ಹೋಗು, ಅಲ್ಲಿ ಸೀದು ಹೋಗುತ್ತೆ.”

ಮೊಟ್ಟೆಯ ಸಿಪ್ಪೆಗಳ ಹಿಂದೆ, ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರಿನ ಡಬ್ಬಿ ಇತ್ತು. ಮುಚ್ಚಳದ ಮೇಲಿನ ಕಾಗದದ ಪಟ್ಟಿ ಹರಿದಿರಲಿಲ್ಲ. ಅದು ನನಗೂ ಕಂಡಿತು, ಅವನಿಗೂ ಕಂಡಿತು. ಥೆಲ್ಮಾ ಮುಂದಿನ ಪಾತ್ರೆಗೆ ಮಜ್ಜಿಗೆ ಸುರಿಯಲು ತಿರುಗಿದಳು. ಅಷ್ಟರಲ್ಲಿ ಡಬ್ಬಿ ಅವನ ಏಪ್ರನ್ನಿನ ಜೇಬಿಗೆ ಹೋಯಿತು.

ಅವನು ಕೋಟು ಕೂಡ ಹಾಕಿಕೊಳ್ಳದೆ ಹೊರಗೆ ನಡೆದ. ದೊಡ್ಡ ಬಾಗಿಲು ಅರ್ಧ ತೆರೆದಿದ್ದರಿಂದ ನನಗೆ ಕಾಣುತ್ತಿತ್ತು. ಕೆಸರಾದ ಹಿಮದಲ್ಲಿ ಕಾಲೆಳೆಯುತ್ತ ಟ್ರಕ್ಕಿನ ಬಳಿ ಹೋಗಿ, ಬಾಗಿಲು ತೆಗೆದು, ಸೀಟಿನ ಕೆಳಗೆ ಕೈ ಹಾಕಿ ಒಂದಷ್ಟು ಹೊತ್ತು ಹಾಗೇ ಬಗ್ಗಿ ನಿಂತ. ಆಮೇಲೆ ಬಾಗಿಲನ್ನು ಎಲ್ಲರಿಗೂ ಕೇಳುವಂತೆ ಬಡಿದು ಒಳಗೆ ಬಂದ. ಗ್ವೆನ್ ಅಷ್ಟು ಹೊತ್ತಿಗೆ ಕಾವಲಿಯ ಬಳಿ ನಿಂತಿದ್ದಳು.

“ಥೆಲ್ಮಾ ಏನು ಮರೆತ್ಳು?” ಎಂದಳು.

ವೆಂಡೆಲ್ ಡಬ್ಬಿಯನ್ನು ಎತ್ತಿ ತೋರಿಸಿದ.

“ಅವಳೇನೂ ಮರೆತಿಲ್ಲ. ನಾನು ಟ್ರಕ್ಕಿಂದ ಇಳಿಸೋದು ಮರೆತೆ. ಸೀಟಿನ ಕೆಳಗಿತ್ತು. ಇಲ್ದೇ ಇರೋದನ್ನ ಅವಳು ಹೇಗೆ ಹಾಕ್ತಾಳೆ? ತಪ್ಪು ನಂದು.”

ರಾಯ್ ಫೋರ್ಕು ಕೆಳಗಿಟ್ಟ. “ಇನ್ನೊಂದ್ಸಲ ಹೇಳು. ನನಗೆ ಒಂದು ಕಿವಿ ಮಂದ.”

“ಆ ಕಿವಿಗೆ ಕೇಳಿದ್ದೇ ಸಾಕು.”

ಗ್ವೆನ್ ನನ್ನ ಕಡೆ ನೋಡಿದಳು. ನಾನು ಅವಳಿಗೆ ಒಂದು ಲೋಟ ಕಾಫಿ ಬಗ್ಗಿಸಿ ಕೊಟ್ಟೆ.

ವೆಂಡೆಲ್ ಡಬ್ಬಿಯ ಪಟ್ಟಿ ಹರಿದು, ಮುಚ್ಚಳ ತೆಗೆದು, ಥೆಲ್ಮಾಳ ಕೈಗೆ ಸಿಗುವಂತೆ ಪಾತ್ರೆಯ ಪಕ್ಕದಲ್ಲಿಟ್ಟ. ಅವಳು ಅವನನ್ನು ಚೆನ್ನಾಗಿ ಬೈದಳು. ವೆಂಡೆಲ್ ತೊಟ್ಟಿಯಿಂದ ಡಾರ್ಲಾಳನ್ನು ಕರೆದು ಅವಳ ಕೈಗೆ ಸಟ್ಟುಗ ಕೊಟ್ಟು, “ಪ್ಯಾನ್‌ಕೇಕನ್ನ ಒತ್ಬೇಡ” ಎಂದಷ್ಟೇ ಹೇಳಿ, ಅಂಗಿಯ ತೋಳು ಮಡಚಿಕೊಳ್ಳುತ್ತ ತೊಟ್ಟಿಯ ಕಡೆ ಹೋದ.