ಅಪ್ಪನ ಕಂಬಳಿ ಹೊದ್ದ ಸಿಪಾಯಿ

ಅಣ್ಣ ಮಿಲಿಟರಿಯಿಂದ ನಿವೃತ್ತನಾಗಿ ಬಬ್ಬೂರಿನ ಹತ್ತಿರದ ನಮ್ಮ ಹಟ್ಟಿಗೆ ಬಂದಾಗ ಅವನ ತಲೆಗೂದಲು ಇನ್ನೂ ನೆರೆತಿರಲಿಲ್ಲ. ಊರವರು ಹಾರ ಹಾಕಿದರು, ಫೋಟೊ ತೆಗೆಸಿಕೊಂಡರು. ಆಮೇಲೆ ಅವನು ದಿನಾ ಬೆಳಗ್ಗೆ ಗಡ್ಡ ಬೋಳಿಸಿ, ಶೂ ಉಜ್ಜಿ, ಹೋಗಲು ಎಲ್ಲೂ ಇಲ್ಲದೆ ಜಗುಲಿಯ ಮೇಲೆ ನೆಟ್ಟಗೆ ಕೂರತೊಡಗಿದ.

"ನಿನಗೂ ಮಂಡಿ ನೋವು. ಇನ್ನು ಕುರಿ ನಾನು ಕಾಯ್ತೀನಪ್ಪ," ಅಂದ ಒಂದಿನ. ಅಪ್ಪನ ಮುಖ ಅರಳಿತು.

ನಮ್ಮಲ್ಲಿ ಕುರಿಯನ್ನು ಹಿಂದಿನಿಂದ ಅಟ್ಟುವುದಿಲ್ಲ. ಕಾಯುವವನು ಮುಂದೆ ನಡೆಯುತ್ತ ಗಂಟಲಲ್ಲೇ ಕೂಗು ಹಾಕುತ್ತಾನೆ, ಮಂದೆ ಹಿಂದೆ ಬರುತ್ತದೆ. ನಮ್ಮ ಮನೆಯ ಕೂಗು ಅಣ್ಣನಿಗೆ ಮರೆತಿರಲಿಲ್ಲ. ಆದರೆ ಅವನ ಬಾಯಲ್ಲಿ ಅದು ಆರ್ಡರಿನ ಹಾಗೆ ಬಂತು. ಕುರಿಗಳು ಬೆದರಿ ಜಾಲಿಯೊಳಗೆ ಚದುರಿದವು.

"ಲೇ ಮಿಲಿಟ್ರಿ, ಕುರಿ ಕರಿ ಅಂದ್ರೆ ಪೆರೇಡ್ ಮಾಡಿಸ್ತೀಯಲ್ಲೋ!" ಪಕ್ಕದ ಮನೆಯ ಮಾವ ನಕ್ಕ. ಅಣ್ಣನೂ ನಕ್ಕ.

ಹೆಜ್ಜೆ ಸಣ್ಣದು ಮಾಡಲು ಬಹಳ ಪ್ರಯತ್ನಪಟ್ಟ. ಕಾಲು ಕೇಳಲಿಲ್ಲ. ಗಬ್ಬದ ಕುರಿಗಳು ಹಿಂದೆ ಉಳಿಯುತ್ತಿದ್ದವು. ಹಾಗೆ ಉಳಿದದ್ದೊಂದನ್ನು ತೋಳ ಹಿಡಿಯಿತು. ಅವತ್ತು ಅವನು ಉಣ್ಣಲಿಲ್ಲ.

ಮರುದಿನ ಅಪ್ಪ ತನ್ನ ಕಂಬಳಿ ತೆಗೆದು ಅವನಿಗೆ ಹೊದಿಸಿದ. "ಹಿಂಗೆ ಹೋಗು. ವಾಸನೆ ಹಿಡಿದು ಬರ್ತಾವೆ."

ಬಂದವು. ಮಂದೆಯೆಲ್ಲ ಅಣ್ಣನ ಕಾಲಿಗೆ ಒರಗಿ ನಿಂತಿತು. ಅವ್ವ ಕಣ್ಣೊರೆಸಿಕೊಂಡಳು. ಅಣ್ಣ ಮಾತ್ರ ಅಲುಗಲಿಲ್ಲ.

"ಇವು ನನ್ನ ಹತ್ರ ಬಂದಿಲ್ಲಪ್ಪ. ನಿನ್ನ ಹತ್ರ ಬಂದಾವೆ."

ಕಂಬಳಿ ತೆಗೆದ. ಮೂಲೆಗೆ ಮೂಲೆ ಕೂಡಿಸಿ ಮಡಚಿ ಅಪ್ಪನ ಕೈಗಿಟ್ಟ.

ನಮ್ಮ ವಂಶದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು, ಹೆಮ್ಮೆಯಿಂದಲೇ ಹೇಳುತ್ತೇನೆ. ಚಿತ್ರದುರ್ಗದ ಕಾಲೇಜಿಗೆ ಸೇರಿದಾಗ ಲೈಬ್ರರಿಯಲ್ಲಿ ಪುಸ್ತಕ ಹೇಗೆ ಕೇಳಬೇಕೆಂದೂ ಗೊತ್ತಿರಲಿಲ್ಲ. ಒಬ್ಬರು ಮೇಡಂ ವರ್ಷವಿಡೀ ಜೊತೆ ನಿಂತು ದಾರಿ ತೋರಿಸಿದರು. ಸಿಪಾಯಿಯಾಗಲು ಅಣ್ಣನಿಗೂ ಕಲಿಸುವವರಿದ್ದರು. ಮತ್ತೆ ಮನೆಯ ಮಗನಾಗಲು ಯಾರೂ ಕಲಿಸಲಿಲ್ಲ. ಅವನ ಹಾಗೇ ಬಂದು, ಅವನ ಹಾಗೇ ಒದ್ದಾಡಿದ ಒಬ್ಬರಾದರೂ ಜೊತೆಗೆ ಇದ್ದಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

ಅಣ್ಣ ಹೊಳಲ್ಕೆರೆಯ ಅಡಿಕೆ ಮಂಡಿಯೊಂದರ ಗೇಟು ಕಾಯಲು ಸೇರಿದ. ಹಬ್ಬಕ್ಕೆ ಕರೆಯಲು ಹೋದೆ. ಖಾಕಿ ಬಟ್ಟೆಗೆ ಇಸ್ತ್ರಿ ಹಾಕಿ ನಿಂತಿದ್ದ.

"ಇಲ್ಲಿ ಚೆನ್ನಾಗೈತೆ ಕಣವ್ವ. ಎಲ್ಲ ಟೈಮಿಗೆ ಸರಿಯಾಗಿ ನಡೀತೈತೆ."

"ಅವ್ವ ದಾರಿ ಕಾಯ್ತಾ ಐತೆ. ಬಾರಣ್ಣ."

ಅವನು ಆಫೀಸಿನ ಕಡೆ ನೋಡಿದ. "ರಜ ಕೇಳ್ತೀನಿ. ಕೊಟ್ರೆ ಬರ್ತೀನಿ."

ಅವ್ವನಿಗೆ ಅದನ್ನೇ ಹೇಳಿದೆ. ಮಗ ಪಲ್ಟನಿಗೆ ಸೇರಿದಾಗಿನಿಂದ ಅವಳು ಕೇಳುತ್ತ ಬಂದಿದ್ದೂ ಅದೇ ಮಾತು.